ಸಂಜೆಯಕ್ಕಂದಿರು, ಒಂಬತ್ತನೇ ಭಾಗ

ಹೊಲಿಗೆಯವಳ ತಂಗಿ, ಹೊಲಿಗೆಯವಳ ತಂಗಿ ಎಂದು ಬೀದಿಗೆ ಬೀದಿಯೇ ಕರೆದು ಕರೆದು ಕೊನೆಗೆ ಅವಳ ಹೆಸರೇ ತಂಗಿ ಎಂದಾಗಿತ್ತು. ಅತ್ತೆಯೂ ಹಾಗೇ ಕರೆಯುತ್ತಿದ್ದರು, ಪ್ರೆಸ್ಸಿನ ಮೇಸ್ತ್ರಿಯೂ ಹಾಗೇ ಕರೆಯುತ್ತಿದ್ದ. ಗಂಡ ಮಾತ್ರ "ಇವಳೇ" ಎನ್ನುತ್ತಿದ್ದ.

ಎರಡನೇ ಮಗುವಿಗೆ ಒಂಬತ್ತು ತಿಂಗಳು ತುಂಬಿದ ವಾರ ತಂಗಿ ಪ್ರೆಸ್ಸಿಗೆ ಮರಳಿದಳು. ಪ್ರೂಫ್ ನೋಡುವುದು ಅವಳ ಕೆಲಸ. ಮದುವೆ ಕಾಗದದಿಂದ ಹಿಡಿದು ಪಾಠದ ಪುಸ್ತಕದವರೆಗೆ ಅವಳ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಆಚೆ ಹೋಗುತ್ತಿರಲಿಲ್ಲ. ಮೇಸ್ತ್ರಿ ಒಂದು ಕಟ್ಟು ತಂದು ಅವಳ ಮೇಜಿನ ಮೇಲಿಟ್ಟ.

"ನಿನಗೇ ಅಂತ ಎತ್ತಿಟ್ಟಿದ್ದೆ. ಹಳೇ ಮಕ್ಕಳ ಪುಸ್ತಕ, ಇಪ್ಪತ್ತೆರಡು ಭಾಗ. ಮತ್ತೆ ಅಚ್ಚು ಹಾಕಿಸ್ತಾರಂತೆ. ತಪ್ಪು ತಿದ್ದು. ಈಗಿನ ಕಾಲಕ್ಕೆ ಒಗ್ಗದ್ದು ಏನಾದ್ರೂ ಇದ್ರೆ ಪಕ್ಕದಲ್ಲಿ ಬರೆದಿಡು ಅಂದಿದ್ದಾರೆ."

ಮೇಲಿನ ಹಾಳೆಯಲ್ಲಿ 'ಸಂಜೆಯಕ್ಕಂದಿರು' ಎಂದಿತ್ತು. ತಂಗಿ ಕೂತಲ್ಲೇ ನಕ್ಕುಬಿಟ್ಟಳು.

ನಾಲ್ವರು ಹುಡುಗಿಯರ ಕಥೆಗಳು ಅವು. ಶಾಲೆ ಬಿಟ್ಟ ಮೇಲೆ ಬೀದಿಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಲೀಡರಕ್ಕ, ನಗುವಕ್ಕ, ಓದುವಕ್ಕ, ಮೌನದಕ್ಕ. ಹಟ ಮಾಡುವ ಅವಳಿಗಳು, ಸ್ನಾನ ಒಲ್ಲದ ಪೋರ, ಕಪಾಟಿನಲ್ಲಿ ಅಡಗಿ ಅಲ್ಲೇ ನಿದ್ದೆಹೋಗುವ ಮಗು. ಒಂದೊಂದೂ ನಲವತ್ತೆಂಟು ಪುಟ. ತಂಗಿಗೆ ಐದು ವರ್ಷವಿದ್ದಾಗ ಅಕ್ಕ ಅವನ್ನು ಓದಿ ಹೇಳುತ್ತಿದ್ದಳು. ಅಕ್ಕನಿಗೆ ಆಗ ಹದಿಮೂರು. ಅವರ ಅಮ್ಮ ಲಾಂಡ್ರಿಯಲ್ಲಿ ಬಟ್ಟೆ ಒಗೆಯಲು ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವವಳು. ಅಪ್ಪ ಗೋಡೆಯ ಮೇಲಿನ ಫೋಟೋ. ರದ್ದಿ ಅಂಗಡಿಯಿಂದ ಆ ಪುಸ್ತಕಗಳನ್ನು ಒಂದೊಂದಾಗಿ ಹೆಕ್ಕಿ ತಂದವಳು ಅಕ್ಕ. ಓದು ಕಲಿಯುವ ಮೊದಲೇ ತಂಗಿಗೆ ಎಲ್ಲ ಕಥೆಯೂ ಬಾಯಿಪಾಠವಾಗಿತ್ತು. ಆಮೇಲೆ ತಾನೇ ತೆರೆದು ಓದುವ ಗೋಜಿಗೆ ಅವಳು ಹೋಗಿರಲಿಲ್ಲ.

"ಇವನ್ನ ನಾನು ಕಣ್ಮುಚ್ಚಿ ತಿದ್ತೀನಿ" ಎಂದಳು ಮೇಸ್ತ್ರಿಗೆ.

"ಕಣ್ಣು ಬಿಟ್ಟೇ ತಿದ್ದು. ಸಂಬಳ ಕಣ್ಣಿಗೆ ಕೊಡೋದು."

ಆ ಸಂಜೆಯೇ, ನೀನೂ ಓದು ಎಂದು ತಂಗಿ ಹೇಳಿದ್ದೇ ತಡ, ಮಗಳು ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಓಡಿ, ಅಟ್ಟದ ಮೇಲಿದ್ದ ಹಳೆಯ ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದಳು. ಹನ್ನೆರಡು ವರ್ಷದ ಆ ಹುಡುಗಿಗೆ ಮನೆಯಲ್ಲಿ ಕಡ್ಡಿ ಎಂದು ಹೆಸರು. ಮೈ ಕಡ್ಡಿಯಂತಿತ್ತು, ಮಾತು ಕಡ್ಡಿ ಮುರಿದಂತಿತ್ತು. ವಾರದೊಳಗೆ ಆರು ಭಾಗ ಓದಿ ಮುಗಿಸಿ ಅವಳು ಘೋಷಿಸಿದಳು: "ನಾನೂ ಸಂಜೆಯಕ್ಕ ಆಗ್ತೀನಿ. ಗುಂಡ ನನ್ನ ಜವಾಬ್ದಾರಿ."

ಗುಂಡ ಎಂದರೆ ತಮ್ಮ. ಹೆಸರಿಗೆ ತಕ್ಕ ಮೈ, ನೆಲದ ಮೇಲೆ ಬಿಟ್ಟರೆ ಕ್ಷಣದಲ್ಲಿ ಅಡುಗೆಮನೆ ಸೇರುವ ವೇಗ. ಹಗಲು ಅವನನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಆದರೆ ಅತ್ತೆಯ ಮೊಣಕಾಲು ಊದಿಕೊಂಡಿತ್ತು. ಮಗು ಬಾಗಿಲು ದಾಟಿದರೆ ಎದ್ದು ಹಿಡಿಯುವಷ್ಟರಲ್ಲಿ ಅದು ಬೀದಿ ಮುಟ್ಟಿರುತ್ತಿತ್ತು. ಹೀಗಾಗಿ ಮೂರೂವರೆಗೆ ಕಡ್ಡಿ ಶಾಲೆಯಿಂದ ಬಂದು ತಮ್ಮನನ್ನು ಸೊಂಟಕ್ಕೇರಿಸಿಕೊಂಡಾಗ ಎಲ್ಲರಿಗೂ ಹಾಯೆನಿಸಿತು. ಅವಳೇ ಬಾಳೆಹಣ್ಣು ಕಿವುಚಿ ತಿನ್ನಿಸುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು. ತಂಗಿ ಆರೂವರೆಗೆ ಬಂದರೆ ಮಗು ಮುಖ ಒರೆಸಿಸಿಕೊಂಡು, ಕೂದಲು ಬಾಚಿಸಿಕೊಂಡು ತಯಾರಾಗಿರುತ್ತಿತ್ತು.

"ಬಂಗಾರದಂಥ ಮಗಳು" ಎಂದ ಗಂಡ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹತ್ತರಿಂದ ಆರರ ಪಾಳಿ. ಬಂದವನು ಕೈಗೆ ಸೋಪು ಹಚ್ಚಿ ತಿಕ್ಕಿ ತೊಳೆದು ಊಟಕ್ಕೆ ಕೂರುತ್ತಿದ್ದ.

ಇತ್ತ ಪ್ರೆಸ್ಸಿನಲ್ಲಿ ತಂಗಿಯ ಕೆಂಪು ಪೆನ್ಸಿಲ್ ಬೇಗಬೇಗ ಸವೆಯುತ್ತಿತ್ತು. ಅಕ್ಷರ ತಪ್ಪು ಹುಡುಕಲು ಹೊರಟವಳಿಗೆ ಬೇರೆ ಏನೇನೋ ಕಣ್ಣಿಗೆ ಬೀಳುತ್ತಿದ್ದವು. ಪುಟದ ಪಕ್ಕದಲ್ಲಿ ಬರೆದಳು: 'ಈ ಮಗುವಿನ ತಂದೆ ಎಲ್ಲಿ? ಐದು ಭಾಗ ಆಯಿತು, ಒಬ್ಬ ಗಂಡಸೂ ಮಗು ಎತ್ತಿಲ್ಲ.' ಮತ್ತೊಂದು ಕಡೆ: 'ಹನ್ನೊಂದು ವರ್ಷದವಳ ಕೈಲಿ ಕುದಿಯುವ ಪಾತ್ರೆ ಇಳಿಸುವುದು ಬೇಡ.' ಇನ್ನೊಂದು ಕಡೆ: 'ಇವರು ಹೋಂವರ್ಕ್ ಮಾಡುವುದು ಯಾವಾಗ?'

ಮೇಸ್ತ್ರಿ ಹೆಗಲ ಮೇಲಿಂದ ಬಗ್ಗಿ ನೋಡಿದ. "ಪ್ರೂಫ್ ನೋಡ್ತಿದೀಯೋ, ಪೊಲೀಸ್ ಕೇಸು ಬರೀತಿದೀಯೋ?"

"ನೀವೇ ಕಣ್ಣು ಬಿಟ್ಟು ನೋಡು ಅಂದ್ರಲ್ಲ."

ಭಾನುವಾರ ಮಧ್ಯಾಹ್ನ ಅಕ್ಕ ಊಟಕ್ಕೆ ಬರುವುದು ವಾಡಿಕೆ. ಮದುವೆಯಾಗದ ಅಕ್ಕ ಬೀದಿಯ ತುದಿಯಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದಳು. ಮೊದಲು ಹರಿದದ್ದು ಹೊಲಿಯುತ್ತಿದ್ದವಳು ಈಗ ಇಬ್ಬರು ಹುಡುಗಿಯರನ್ನು ಕೆಲಸಕ್ಕಿಟ್ಟುಕೊಂಡು ಎರಡು ಶಾಲೆಗಳ ಯೂನಿಫಾರ್ಮ್ ಹೊಲಿಸುತ್ತಿದ್ದಳು. ಬಂದವಳು ಸುಮ್ಮನೆ ಕೂರುವ ಜಾತಿಯಲ್ಲ. ಅನ್ನ ಬೇಯುವಷ್ಟರಲ್ಲಿ ಬುಟ್ಟಿಯ ಬೀನ್ಸು ಬಿಡಿಸಿ, ಕಡ್ಡಿಯ ಲಂಗದ ಅಂಚು ಹೊಲಿದು, ಗುಂಡನ ಉಗುರು ಕತ್ತರಿಸಿದ್ದಳು.

ಊಟದ ನಡುವೆ ಅತ್ತೆ ಅಕ್ಕನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ನನ್ನ ಮೊಣಕಾಲು ಕೈಕೊಟ್ಟಿದೆ."

"ಮೊಣಕಾಲು ಹೇಗೆ ಕೈ ಕೊಡುತ್ತೆ ಅಜ್ಜಿ?" ಎಂದಳು ಕಡ್ಡಿ.

"ಸುಮ್ನೆ ತಿನ್ನು. ಅಲ್ಲಮ್ಮ, ನಿನಗೂ ಯಾರಿದ್ದಾರೆ? ಒಂಟಿ ಜೀವ. ಆ ಮಿಷನ್ ತುಳಿದು ತುಳಿದು ನಿನ್ನ ಕಾಲೂ ನನ್ನ ಕಾಲಿನ ಹಾಗೆ ಆಗೋದು ಬೇಡ. ಅಂಗಡಿ ಬಾಗಿಲು ಹಾಕಿ ಇಲ್ಲೇ ಬಂದುಬಿಡು. ಗುಂಡನ್ನ ನೋಡಿಕೊಂಡಿರು. ನಮ್ಮ ಜೊತೆ ಒಂದು ತುತ್ತು ನಿನಗೆ ಹೆಚ್ಚಾಗಲ್ಲ."

"ಅಮ್ಮ ಹೇಳೋದು ಸರಿ ಅನ್ಸುತ್ತೆ ಅತ್ತಿಗೆ" ಎಂದ ಮೆಕ್ಯಾನಿಕ್, ತಟ್ಟೆ ನೋಡುತ್ತ. "ಹೊರಗಿನವರ ಕೈಗೆ ಮಗು ಕೊಡೋಕೆ ಮನಸ್ಸು ಬರಲ್ಲ."

ಅಕ್ಕ ಬೀನ್ಸು ಪಲ್ಯವನ್ನು ಅನ್ನಕ್ಕೆ ಕಲಸುತ್ತಲೇ ಇದ್ದಳು. ಒಮ್ಮೆ ತಂಗಿಯ ಕಡೆ ನೋಡಿದಳು. ತಂಗಿ ಕಣ್ಣು ತಪ್ಪಿಸಿ ಗುಂಡನ ಬಾಯಿ ಒರೆಸತೊಡಗಿದಳು. ನಿಜ ಹೇಳಬೇಕೆಂದರೆ ಅದೇ ಯೋಚನೆ ಎರಡು ವಾರದಿಂದ ಅವಳ ತಲೆಯಲ್ಲೂ ಇತ್ತು. ಬಾಯಿಬಿಟ್ಟು ಕೇಳುವ ಕೆಲಸ ಅತ್ತೆ ಮಾಡಿಕೊಟ್ಟರಲ್ಲ ಎಂದು ಒಳಗೊಳಗೇ ಹಗುರವೂ ಆಗಿತ್ತು.

"ಯೂನಿಫಾರ್ಮ್ ಕೆಲಸ ಒಪ್ಪಿಕೊಂಡಿದೀನಿ" ಎಂದಳು ಅಕ್ಕ. "ತಿಂಗಳ ಕೊನೆಗೆ ಮುಗಿಯುತ್ತೆ. ಆಮೇಲೆ ಬರ್ತೀನಿ."

ಅಷ್ಟಕ್ಕೇ ಮಾತು ಮುಗಿಯಿತು. ಅಕ್ಕ ತನ್ನ ತಟ್ಟೆಯ ಜೊತೆ ಎಲ್ಲರ ತಟ್ಟೆಯನ್ನೂ ತೊಳೆದಿಟ್ಟು ಹೋದಳು.

ಆ ವಾರ ತಂಗಿಯ ಮೇಜಿಗೆ ಒಂಬತ್ತನೇ ಭಾಗ ಬಂತು. ಎಲ್ಲಕ್ಕಿಂತ ಅವಳಿಗೆ ಪ್ರಿಯವಾದದ್ದು ಇದೇ. ಮೌನದಕ್ಕನಿಗೆ ದೊಡ್ಡ ಪರೀಕ್ಷೆ. ಅದೇ ಬೆಳಿಗ್ಗೆ ಅವಳು ನೋಡಿಕೊಳ್ಳುವ ಮಗುವಿಗೆ ಜ್ವರ. ಮಗುವನ್ನು ಬಿಟ್ಟು ಹೋಗಲಾರದೆ ಅವಳು ಪರೀಕ್ಷೆ ಬಿಡುತ್ತಾಳೆ. ಆಮೇಲಿನದೇ ಸೊಗಸು. ಸಂಜೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಹೆಡ್‌ಮಿಸ್ಸು, ಕೈಯಲ್ಲಿ ಪ್ರಶ್ನೆಪತ್ರಿಕೆ. ಉಳಿದ ಮೂವರು ಅಕ್ಕಂದಿರು ಮಗುವನ್ನು ಎತ್ತಿಕೊಳ್ಳುತ್ತಾರೆ, ಮೌನದಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು ಪರೀಕ್ಷೆ ಬರೆಯುತ್ತಾಳೆ. ಹೆಡ್‌ಮಿಸ್ಸು ಒಲೆ ಪಕ್ಕದಲ್ಲಿ ಕೂತು ಹೆಚ್ಚಿದ ಸೌತೆಕಾಯಿ ತಿನ್ನುತ್ತಾರೆ. ಆ ಸೌತೆಕಾಯಿಯ ಜಾಗಕ್ಕೆ ಬಂದಾಗಲೆಲ್ಲ ಪುಟ್ಟ ತಂಗಿ ಕೇಕೆ ಹಾಕುತ್ತಿದ್ದಳು.

ಪ್ರೂಫಿನಲ್ಲಿ ಅದು ಇರಲಿಲ್ಲ. ಮೌನದಕ್ಕ ಮಗುವಿನ ಹಣೆಗೆ ಒದ್ದೆ ಬಟ್ಟೆ ಇಡುತ್ತಾಳೆ. ಶಾಲೆಯ ಗಂಟೆ ದೂರದಲ್ಲಿ ಕೇಳಿಸುತ್ತದೆ. 'ಪರೀಕ್ಷೆ ಗೆದ್ದವರ ಮುಖದಲ್ಲೂ ಅಷ್ಟು ದೊಡ್ಡ ನಗು ಇರಲಿಲ್ಲ.' ಮುಗಿಯಿತು.

ತಂಗಿ ಮೇಸ್ತ್ರಿಯ ಬಳಿ ಹೋದಳು. "ಒಂಬತ್ತರಲ್ಲಿ ಕೊನೆ ಪುಟಗಳು ಬಿಟ್ಟುಹೋಗಿವೆ."

ಮೇಸ್ತ್ರಿ ಎಣಿಸಿದ. "ನಲವತ್ತೆಂಟು. ಎಲ್ಲ ಇದೆಯಲ್ಲ."

"ಹೆಡ್‌ಮಿಸ್ಸು ಬರಬೇಕು."

"ಯಾವ ಹೆಡ್‌ಮಿಸ್ಸು?"

ಮನೆಗೆ ಬಂದವಳೇ ಚಪ್ಪಲಿ ಸಹ ಬಿಡದೆ ಹಳೆಯ ಪ್ರತಿ ಹುಡುಕಿದಳು. ಕಡ್ಡಿ ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಜಿ ತಿನ್ನಿಸುತ್ತಿದ್ದಳು. ನಲವತ್ತೆಂಟನೇ ಪುಟದಲ್ಲಿ ಅದೇ ನಗು, ಅದೇ 'ಮುಗಿಯಿತು'. ಹಾಳೆ ಹರಿದ ಗುರುತು ಎಲ್ಲೂ ಇರಲಿಲ್ಲ.

"ಎಂಥ ಕಥೆ ಇದು" ಎಂದಳು ತಂಗಿ. "ಹುಡುಗಿ ಪರೀಕ್ಷೆ ಬಿಟ್ಟಳು, ಎಲ್ಲರೂ ಭೇಷ್ ಅಂದರು, ಮುಗೀತು. ಕೇಳೋರಿಲ್ವಾ?"

"ಅದರಲ್ಲಿ ತಪ್ಪೇನಮ್ಮ? ನಾನೂ ಬಿಟ್ಟೆನಲ್ಲ."

"ಏನು ಬಿಟ್ಟೆ?"

"ವಾಲಿಬಾಲ್. ಪ್ರಾಕ್ಟೀಸು ನಾಲ್ಕು ಗಂಟೆಗೆ. ಟೀಚರಿಗೆ ಹೇಳಿದೆ, ಮನೇಲಿ ತಮ್ಮ ಇದ್ದಾನೆ, ಬರೋಕಾಗಲ್ಲ ಅಂತ. ಮೂರು ವಾರ ಆಯ್ತು."

ತಂಗಿ ಕುರ್ಚಿ ಎಳೆದು ಕೂತಳು. ಎರಡು ವರ್ಷ ಗೋಡೆಗೆ ಚೆಂಡು ಹೊಡೆದೂ ಹೊಡೆದೂ ಪಕ್ಕದ ಮನೆಯವರಿಂದ ಬೈಸಿಕೊಂಡು ತಂಡ ಸೇರಿದ್ದ ಹುಡುಗಿ ಇವಳು.

"ನನಗ್ಯಾಕೆ ಹೇಳಲಿಲ್ಲ?"

"ಮೌನದಕ್ಕ ಯಾರಿಗಾದ್ರೂ ಹೇಳಿದಳಾ?"

"ಉಳಿದ ಪುಸ್ತಕಗಳನ್ನೂ ಇಲ್ಲಿ ಕೊಡು. ಇನ್ನು ಇವನ್ನ ಓದೋದು ಬೇಡ."

ಕಡ್ಡಿ ಚಮಚ ಬಟ್ಟಲಿಗಿಟ್ಟಳು. "ಓದು ಅಂತ ಹೇಳಿದವಳು ನೀನೇ. ಈಗ ಬೇಡ ಅನ್ನೋಳೂ ನೀನೇ. ಆಯ್ತು, ಪುಸ್ತಕ ತಗೋ. ನಾಳೆ ಮೂರೂವರೆಗೆ ಗುಂಡನ್ನ ಯಾರು ಎತ್ತಿಕೊಳ್ತಾರೆ, ಅದನ್ನೂ ಹೇಳು."

ತಂಗಿಯ ಬಳಿ ಇದ್ದ ಉತ್ತರ ಒಂದೇ: ತಿಂಗಳ ಕೊನೆಗೆ ದೊಡ್ಡಮ್ಮ ಬರುತ್ತಾಳೆ. ಅದನ್ನು ಹೇಳುವ ಬದಲು ಅವಳು ಎದ್ದು ಹೋಗಿ ಚಪ್ಪಲಿ ಬಿಟ್ಟುಬಂದಳು.

ಮರುದಿನ ಊಟದ ಬಿಡುವಿನಲ್ಲಿ ಅವಳು ಅಕ್ಕನ ಅಂಗಡಿಗೆ ಹೋದಳು. ಇಬ್ಬರು ಹುಡುಗಿಯರು ಮಿಷನ್ ಮೇಲಿದ್ದರು. ಅಕ್ಕ ತುಟಿಯ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ನೀಲಿ ಬಟ್ಟೆಗೆ ಸೀಮೆಸುಣ್ಣದ ಗೆರೆ ಹಾಕುತ್ತಿದ್ದಳು.

"ಅಕ್ಕ, ಹೆಡ್‌ಮಿಸ್ಸು ಬರೋದು ಯಾವ ಭಾಗದಲ್ಲಿ?"

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಯಾವುದರಲ್ಲೂ ಇಲ್ಲ ಕಣೆ. ನಾನೇ ಹೇಳಿದ್ದು."

"ಸೌತೆಕಾಯಿ?"

"ಅದೂ ನಾನೇ."

"ಯಾಕೆ?"

"ಈ ತುದಿ ಹಿಡ್ಕೋ" ಎಂದು ಅಕ್ಕ ಬಟ್ಟೆಯ ಒಂದು ಕೊನೆಯನ್ನು ಅವಳ ಕೈಗಿತ್ತಳು. "ನಿನಗೆ ದಡಾರ ಬಂದಿತ್ತು. ಅಮ್ಮನಿಗೆ ಆ ವಾರ ರಜೆ ಸಿಗಲಿಲ್ಲ. ನನ್ನ ಏಳನೇ ಕ್ಲಾಸಿನ ಪರೀಕ್ಷೆ. ಎರಡು ದಿನ ಹೋದೆ, ಮೂರನೇ ದಿನ ನಿನ್ನ ಮೈ ಕೆಂಡ. ಹೋಗಲಿಲ್ಲ. ಆಮೇಲಿನವಕ್ಕೂ ಹೋಗಲಿಲ್ಲ. ಸಂಜೆ ನಿನ್ನ ಪಕ್ಕ ಕೂತು ಇದನ್ನ ಓದ್ತಿದ್ದೆ. ಕೊನೇ ಸಾಲು, ಆ ನಗು ಇತ್ತಲ್ಲ, ಅದನ್ನ ನನಗೆ ಓದೋಕಾಗಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಮಾರನೇ ದಿನ ನೀನು ಅದನ್ನೇ ಹೇಳು ಅಂತ ಹಟ ಹಿಡಿದೆ."

"ನಮ್ಮ ಮನೆಗೆ ಯಾರಾದ್ರೂ ಬಂದ್ರಾ?"

"ಯಾರೂ ಬರಲಿಲ್ಲ. ಮುಂದಿನ ವರ್ಷ ಬರೀಬಹುದಿತ್ತು. ಅಷ್ಟರಲ್ಲಿ ಅಮ್ಮ ಹೊಲಿಗೆಗೆ ಸೇರಿಸಿದಳು. ಗಟ್ಟಿಯಾಗಿ ಹಿಡ್ಕೋ, ಗೆರೆ ಸೊಟ್ಟ ಹೋಗುತ್ತೆ."

ತಂಗಿ ಗಟ್ಟಿಯಾಗಿ ಹಿಡಿದಳು. ಅಕ್ಕ ಓದು ಬಿಟ್ಟಳು ಎಂದಷ್ಟೇ ಅವಳಿಗೆ ಗೊತ್ತಿತ್ತು. ಅಕ್ಕನಿಗೆ ಓದು ಹತ್ತಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು, ತಂಗಿಯೂ ನಂಬಿದ್ದಳು. ಆ ಅಕ್ಕನೇ ಹೊಲಿದ ಯೂನಿಫಾರ್ಮ್ ತೊಟ್ಟು ಅವಳು ಶಾಲೆ ಮುಗಿಸಿದ್ದಳು, ಅಕ್ಕ ಓದಿ ಹೇಳಿದ ಕಥೆಗಳಿಂದ ಅಕ್ಷರದ ಹುಚ್ಚು ಹತ್ತಿಸಿಕೊಂಡು ಪ್ರೆಸ್ಸಿನ ಕೆಲಸ ಹಿಡಿದಿದ್ದಳು.

"ಆ ಪುಸ್ತಕಗಳನ್ನ ಸುಡಬೇಕು ಅನ್ಸುತ್ತೆ" ಎಂದಳು.

"ಹುಚ್ಚಿ. ಹಾಗನ್ನಬೇಡ." ಅಕ್ಕನ ದನಿ ಮೊದಲ ಬಾರಿ ಏರಿತು. "ಹದಿಮೂರು ವರ್ಷದವಳಿಗೆ ಮಗು ಹಿಡಿಯೋದು ಯಾರು ಹೇಳಿಕೊಟ್ಟರು? ಜ್ವರಕ್ಕೆ ಒದ್ದೆ ಬಟ್ಟೆ ಇಡಬೇಕು ಅಂತ ಅದರಲ್ಲೇ ಓದಿದ್ದು. ಹಟ ಮಾಡೋ ಮಗೂನ ಬೈದರೆ ಇನ್ನೂ ಹಟ ಮಾಡುತ್ತೆ ಅಂತ ಅದರಲ್ಲೇ ಓದಿದ್ದು. ಇಡೀ ದಿನ ನೀನೂ ನಾನೂ ಇಬ್ಬರೇ. ಆ ನಾಲ್ಕು ಜನ ಇದ್ದರು ಅಂತ ನನಗೆ ಹೊತ್ತು ಹೋಗ್ತಿತ್ತು. ಕೊನೆ ಸರಿ ಇರಲಿಲ್ಲ, ಸರಿ ಮಾಡಿಕೊಂಡೆ. ಅಷ್ಟೇ."

ಮಿಷನ್ ಮೇಲಿದ್ದ ಹುಡುಗಿಯೊಬ್ಬಳು ಕೈ ನಿಲ್ಲಿಸಿ ಕೇಳುತ್ತಿದ್ದಳು. ಅಕ್ಕ ಅವಳ ಕಡೆ ನೋಡಿದ ಕೂಡಲೇ ಮಿಷನ್ ಮತ್ತೆ ಓಡಿತು.

"ಅಂಗಡಿ ಮುಚ್ಚಬೇಡ ಅಕ್ಕ."

"ಮತ್ತೆ ಗುಂಡ?"

"ಗುಂಡನಿಗೆ ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ. ನೀನು ಹೇಳು, ನಿನಗೆ ಬರೋ ಮನಸ್ಸಿತ್ತಾ?"

ಅಕ್ಕ ಸ್ವಲ್ಪ ಹೊತ್ತು ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸಿದಳು. "ಇರಲಿಲ್ಲ" ಎಂದಳು. "ಈ ಅಂಗಡಿ ಅಂದ್ರೆ ನನಗೆ ಇಷ್ಟ ಕಣೆ."

ಅಂದು ರಾತ್ರಿ ಊಟಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅಡುಗೆಗೆ ತಂಗಿಗೆ ಮನಸ್ಸಿರಲಿಲ್ಲ. ಎಲ್ಲರೂ ಕೂತ ಮೇಲೆ ಅವಳು ಹೇಳಿದಳು: "ಅಕ್ಕ ಬರಲ್ಲ. ನಾನೇ ಬೇಡ ಅಂದೆ. ಕಡ್ಡಿ ನಾಳೆಯಿಂದ ಪ್ರಾಕ್ಟೀಸಿಗೆ ಹೋಗ್ತಾಳೆ."

"ಸರಿಹೋಯ್ತು" ಎಂದರು ಅತ್ತೆ. "ಅಕ್ಕ ಬರಲ್ಲ, ಮಗಳು ಇರಲ್ಲ. ಮಗೂನ ಗೋಡೆಗೆ ಮೊಳೆ ಹೊಡೆದು ನೇತುಹಾಕೋಣ್ವಾ?"

"ಪ್ರೆಸ್ಸಿನ ಹಿಂದಿನ ಬೀದಿಯಲ್ಲಿ ಎಳೆಕೂಸುಗಳನ್ನೂ ನೋಡಿಕೊಳ್ಳೋ ಶಿಶುವಿಹಾರ ಇದೆ. ಬೆಳಿಗ್ಗೆ ನಾನು ಬಿಡ್ತೀನಿ. ಮಧ್ಯಾಹ್ನ ಇವರು ಕರ್ಕೊಂಡು ಬರಲಿ. ಡಿಪೋದಲ್ಲಿ ಐದರಿಂದ ಒಂದರ ಪಾಳಿ ಇದೆಯಲ್ಲ."

ಮೆಕ್ಯಾನಿಕ್ ಮೊಟ್ಟೆ ಸುಲಿಯುವುದನ್ನು ನಿಲ್ಲಿಸಿದ. "ಬೆಳಗಿನ ಪಾಳಿ ಹೊಸಬರಿಗೆ ಕೊಡೋದು, ಇವಳೇ. ಮಧ್ಯಾಹ್ನ ಒಂದಕ್ಕೆ ಮಗು ಎತ್ತಿಕೊಳ್ಳೋಕೆ ಓಡಿಹೋಗ್ತಾನೆ ಅಂತ ಅವರೆಲ್ಲ ನಗಲ್ವಾ?"

"ನಗಲಿ. ಮೂರು ವಾರ ನಿಮ್ಮ ಮಗಳು ಆಟ ಬಿಟ್ಟಿದ್ದಳು. ನೀವು ಬಂಗಾರ ಅಂದ್ರಿ, ನಾನೂ ಸುಮ್ಮನಿದ್ದೆ."

ಮತ್ತೆ ಅವಳು ಅತ್ತೆಯ ಕಡೆ ತಿರುಗಿ ದಡಾರದ ವಾರದ ಕಥೆ ಹೇಳಿದಳು. ದನಿ ಏರಿಸದೆ, ಅಕ್ಕ ಹೇಳಿದಷ್ಟೇ ಹೇಳಿದಳು. ಕಡ್ಡಿ ಕಣ್ಣು ಬಿಟ್ಟು ಕೇಳಿದಳು. ಅತ್ತೆ ಬ್ರೆಡ್ಡಿನ ಅಂಚನ್ನು ಕಿತ್ತು ಕಿತ್ತು ತಟ್ಟೆಯಲ್ಲಿ ಗುಡ್ಡೆ ಹಾಕಿದರು.

"ಒಂಟಿ ಹೆಂಗಸು, ಆಸರೆ ಆಗುತ್ತೆ ಅಂತ ಕರೆದೆ" ಎಂದರು ಕೊನೆಗೆ. "ಅವಳೇ ಮೊದಲಿಂದ ಆಸರೆ ಆಗಿದ್ದೋಳು ಅಂತ ನನಗೇನು ಗೊತ್ತು." ಮತ್ತೆ ಮಗನತ್ತ ತಿರುಗಿದರು. "ನಿಮ್ಮಪ್ಪ ನಿನ್ನನ್ನ ಒಂದು ದಿನ ಎತ್ತಿಕೊಂಡೋರಲ್ಲ. ಪಾಪ, ಕೈ ನೋವು ಅಂತಿದ್ರು. ನೀನು ದಿನಾ ಬಸ್ಸಿನ ಚಕ್ರ ಬಿಚ್ಚೋನು. ಗುಂಡ ಅದಕ್ಕಿಂತ ಭಾರವಾ?"

"ಚಕ್ರ ಅಳಲ್ಲಮ್ಮ" ಎಂದ ಮೆಕ್ಯಾನಿಕ್. ಕಡ್ಡಿ ಕಿಸಕ್ಕನೆ ನಕ್ಕಳು. ಅವನಿಗೂ ನಗು ಬಂತು. ಸೋಮವಾರ ಪಾಳಿ ಬದಲಾಯಿಸಿಕೊಂಡ.

ಮೊದಲ ವಾರ ಸುಗಮವಾಗಿ ಏನೂ ನಡೆಯಲಿಲ್ಲ. ಮೆಕ್ಯಾನಿಕ್ ಮಗುವಿಗೆ ಅಂಗಿ ಹಿಂದುಮುಂದಾಗಿ ತೊಡಿಸಿದ. ಗಂಜಿ ಗಂಟುಗಂಟಾಯಿತು. ಗುಂಡ ಒಂದು ಮಧ್ಯಾಹ್ನ ಎರಡು ತಾಸು ಅತ್ತು ಅಪ್ಪನನ್ನೂ ಅಳಿಸುವ ಹಾಗೆ ಮಾಡಿದ. ಅತ್ತೆ ಕುರ್ಚಿಯಲ್ಲಿ ಕೂತೇ ಅಪ್ಪಣೆ ಕೊಡುತ್ತಿದ್ದರು: ಕತ್ತಿನ ಹಿಂದೆ ಕೈ ಇಡು, ಹೀಗಲ್ಲ, ಹಾಗೆ. ಡಿಪೋದವರು ನಗಲಿಲ್ಲ. ಇಬ್ಬರು ಬಂದು ಪಾಳಿ ಬದಲಿಗೆ ಅರ್ಜಿ ಹೇಗೆ ಬರೆಯುವುದೆಂದು ಕೇಳಿದರು. ಮೂರನೇ ವಾರಕ್ಕೆ, ಒಂದೂವರೆ ಗಂಟೆಗೆ ಶಿಶುವಿಹಾರದ ಬಾಗಿಲಲ್ಲಿ ಗ್ರೀಸಿನ ವಾಸನೆ ಬಂದರೆ ಸಾಕು, ಗುಂಡ ಎರಡೂ ಕೈ ಚಾಚುತ್ತಿದ್ದ.

ಕಡ್ಡಿಯ ಜಾಗ ತಂಡದಲ್ಲಿ ಬೇರೆ ಹುಡುಗಿಗೆ ಹೋಗಿಬಿಟ್ಟಿತ್ತು. ಟೀಚರು ಅವಳನ್ನು ಬೆಂಚಿನ ಮೇಲೆ ಕೂರಿಸಿದರು. "ಬೆಂಚು ಬಿಸಿ ಮಾಡ್ತಿದೀನಿ" ಎಂದಳು ಮನೆಗೆ ಬಂದು. ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ಪ್ರೆಸ್ಸಿನಲ್ಲಿ ತಂಗಿ ಇಪ್ಪತ್ತೆರಡೂ ಭಾಗ ಮುಗಿಸಿದಳು. ಕುದಿಯುವ ಪಾತ್ರೆಯ ಟಿಪ್ಪಣಿ ಹಾಗೇ ಬಿಟ್ಟಳು, ಸಿಟ್ಟಿನಲ್ಲಿ ಬರೆದ ಕೆಲವನ್ನು ಅಳಿಸಿದಳು. ಒಂಬತ್ತನೇ ಭಾಗದ ಕೊನೆಯಲ್ಲಿ ಬರೆದಳು: 'ಇಲ್ಲಿ ಯಾರಾದರೂ ಬಂದು ಬಾಗಿಲು ತಟ್ಟಬೇಕಿತ್ತು.' ಪ್ರಕಾಶಕರ ಕಡೆಯ ಹೆಂಗಸು ಫೋನ್ ಮಾಡಿದಳು.

"ನೀವು ಹೇಳೋದು ಸರಿ. ಆದ್ರೆ ಬರೆದವರು ತೀರಿಹೋಗಿದ್ದಾರೆ. ಕಥೆ ಮುಟ್ಟೋ ಹಾಗಿಲ್ಲ."

"ಇರಲಿ ಬಿಡಿ" ಎಂದಳು ತಂಗಿ. "ಓದಿ ಹೇಳೋರು ನೋಡ್ಕೊಳ್ತಾರೆ."

ಯೂನಿಫಾರ್ಮ್ ಕೆಲಸ ಮುಗಿದ ಭಾನುವಾರ ಅಕ್ಕ ಊಟಕ್ಕೆ ಬಂದಳು. ಎಂದಿನಂತೆ ತಟ್ಟೆ ತೊಳೆಯಲು ಎದ್ದವಳನ್ನು ಅತ್ತೆ ಕೈ ಹಿಡಿದು ಕೂರಿಸಿದರು. ಅಕ್ಕನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಸೆರಗಿನ ನೂಲು ಎಳೆದಳು.

"ಮುಂದಿನ ಭಾನುವಾರ ನಾನು ಬರಲ್ಲ" ಎಂದಳು.

ಎಲ್ಲರೂ ಅವಳನ್ನೇ ನೋಡಿದರು. ಹದಿನೈದು ವರ್ಷದಲ್ಲಿ ಅಕ್ಕ ಒಂದು ಭಾನುವಾರ ತಪ್ಪಿಸಿದವಳಲ್ಲ.

"ಆ ಹುಡುಗಿಯರಿಬ್ಬರೂ ಸಮುದ್ರ ನೋಡೋಕೆ ಹೊರಟಿದ್ದಾರೆ. ನೀವೂ ಬನ್ನಿ ಅಂತ ದುಂಬಾಲು ಬಿದ್ದರು. ನಾಲ್ಕು ದಿನ. ನಾನೂ ನೋಡಿಲ್ಲ."

"ನಾಲ್ಕು ಯಾಕೆ, ಎಂಟು ದಿನ ಇದ್ದು ಬಾ" ಎಂದರು ಅತ್ತೆ. ಒಳಗೆ ಕುಂಟುತ್ತ ಹೋಗಿ ತಮ್ಮ ಉಣ್ಣೆ ಶಾಲು ತಂದು ಮಡಿಲಲ್ಲಿಟ್ಟರು. "ಅಲ್ಲಿ ಗಾಳಿ ಜಾಸ್ತಿ ಅಂತಾರೆ."

ಶುಕ್ರವಾರ ಬೆಳಿಗ್ಗೆ ತಂಗಿ ಅರ್ಧ ದಿನ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಹೋದಳು. ಅಕ್ಕ ಹೊಸ ಚಪ್ಪಲಿ ಹಾಕಿಕೊಂಡು, ಆ ಹುಡುಗಿಯರ ಜೊತೆ, ಚೀಲವನ್ನು ಎದೆಗವಚಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ತಂಗಿ ಮೊಟ್ಟೆ, ಬ್ರೆಡ್ಡು, ಕಿತ್ತಳೆ ಕಟ್ಟಿದ ಪೊಟ್ಟಣವನ್ನು ಕಿಟಕಿಯಿಂದ ಒಳಗೆ ಕೊಟ್ಟಳು.

"ಗುಂಡನ ಲಸಿಕೆ ಸೋಮವಾರ, ಮರೀಬೇಡ."

"ಅವರಪ್ಪ ಕರ್ಕೊಂಡು ಹೋಗ್ತಾರೆ."

"ಕಡ್ಡಿಯ ಲಂಗ ಅಂಗಡಿಯಲ್ಲೇ..."

"ಅಕ್ಕ." ತಂಗಿ ಕಿಟಕಿಯ ಸರಳು ಹಿಡಿದಳು. "ನಿನ್ನಿಂದ ನಾನು ಓದಿದೆ. ನಿನ್ನಿಂದ ನಾನು ಇದೀನಿ. ಒಂದು ದಿನವೂ ಹೇಳಿರಲಿಲ್ಲ."

ಅಕ್ಕ ಅವಳ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಕೈ. ಕಣ್ಣು ತುಂಬಿಕೊಂಡಿತ್ತು. "ಕೆಲಸದವರ ಮುಂದೆ ಅಳಿಸ್ತೀಯಲ್ಲೇ" ಎಂದಳು. "ಮರ್ಯಾದೆ ಉಳಿಯುತ್ತಾ ನನ್ನದು."

ಬಸ್ಸು ಹೊರಟಿತು. ಅಕ್ಕ ತಿರುಗಿ ನೋಡುತ್ತಾಳೆ ಎಂದು ತಂಗಿ ಕೈ ಎತ್ತಿಕೊಂಡೇ ನಿಂತಳು. ಚಿಕ್ಕಂದಿನಲ್ಲಿ ಹತ್ತು ಹೆಜ್ಜೆಗೊಮ್ಮೆ ತಿರುಗಿ, ಬರ್ತಿದೀಯಾ ಎಂದು ಕೇಳುತ್ತಿದ್ದ ಅಕ್ಕ. ಈ ಸಲ ಅವಳು ತಿರುಗಲಿಲ್ಲ. ಪಕ್ಕದ ಹುಡುಗಿ ಏನೋ ಹೇಳಿದಳು, ಅಕ್ಕ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ನಗುತ್ತಲೇ ಬಸ್ಸಿನೊಂದಿಗೆ ತಿರುವಿನಲ್ಲಿ ಮರೆಯಾದಳು. ತಂಗಿಗೆ ಹೊಟ್ಟೆ ತುಂಬಿದಂತಾಯಿತು.